ಕಟ್ಟಡ ಏಳೋದನ್ನು ವಿಡಿಯೋ ಮಾಡಲು ಹೋಗಿ

ಎರಡು ಬೇಸ್‌ಮೆಂಟ್, ಮೇಲೆ ನಾಲ್ಕು ಅಂತಸ್ತು. ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ ಸೈಟು. ಮುಂದೆ 30 ಅಡಿ ರಸ್ತೆ. ಪೂರ್ವಕ್ಕೆ ಪಕ್ಕದ ಮನೆಯ ಕಾಂಪೌಂಡು, ಅದಕ್ಕೂ ನಾವು ತೋಡಬೇಕಾದ ಗುಂಡಿಗೂ ಒಂದೂವರೆ ಮೀಟರ್ ಜಾಗ, ಅಷ್ಟೇ. ನಮ್ಮದು ಆರು ಜನರ ಆರ್ಕಿಟೆಕ್ಟ್ ಆಫೀಸು. ಡ್ರಾಯಿಂಗ್ ಮುಗಿದಿತ್ತು, ರೆವಿಟ್ ಸಾಫ್ಟ್‌ವೇರ್‌ನಲ್ಲಿ ಕಟ್ಟಡದ 3ಡಿ ಮಾಡೆಲ್ ಸಿದ್ಧವಿತ್ತು. ಆಗ ಮಾಲೀಕರು ಕೇಳಿದರು: "ಯಾವುದಾದ ಮೇಲೆ ಯಾವುದು ಕಟ್ತೀರಿ ಅಂತ ವಿಡಿಯೋ ಮಾಡಿ ತೋರಿಸ್ತೀರಾ? ಪಕ್ಕದ ಮನೆಯವರು ಹೆದರ್ಕೊಂಡಿದ್ದಾರೆ, ಅವರಿಗೂ ತೋರಿಸ್ಬೇಕು."

ಒಂದು ವಾರದ ಕೆಲಸ ಅಂದುಕೊಂಡು ಹೂಂ ಅಂದೆ. ಎರಡೂವರೆ ತಿಂಗಳು ಹಿಡಿಯಿತು.

ಮೊದಲು ಕೈಹಾಕಿದ್ದು ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್‌ಗೆ. ಆಫೀಸಿನಲ್ಲಿ ಎಲ್ಲರಿಗೂ ಬರುತ್ತಿತ್ತು, ಬೇರೆ ಕಾರಣ ಇರಲಿಲ್ಲ. ಒಂದೊಂದು ಭಾಗಕ್ಕೂ ಒಂದು ಟ್ಯಾಗ್, ಒಂದೊಂದು ಹಂತಕ್ಕೂ ಒಂದು ಸೀನ್. ಈ ಸೀನ್‌ನಲ್ಲಿ ಯಾವ ಟ್ಯಾಗ್ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಸೀನ್‌ಗಳನ್ನು ಸಾಲಾಗಿ ಓಡಿಸಿದರೆ ವಿಡಿಯೋ. ಮಾಡೆಲನ್ನು ಅಡ್ಡ ಕತ್ತರಿಸಿ ತೋರಿಸುವ ಸೆಕ್ಷನ್ ಪ್ಲೇನ್ ಅನ್ನು ಕೆಳಗಿಂದ ಮೇಲಕ್ಕೆ ಸರಿಸುವ ಇನ್ನೊಂದು ಉಪಾಯವೂ ಇದೆ. ಕಟ್ಟಡ ನೆಲದಿಂದ ಮೊಳಕೆ ಒಡೆದ ಹಾಗೆ ಏಳುತ್ತದೆ. ನೋಡೋಕೆ ಮಜಾ. ಆದರೆ ಸೈಟಿನಲ್ಲಿ ಯಾವ ಕಟ್ಟಡವೂ ಹಾಗೆ ಏಳೋದಿಲ್ಲ, ಅಲ್ವಾ?

43 ಸೀನ್ ಆದವು. ಆಮೇಲೆ ಗುತ್ತಿಗೆದಾರರ ಎಂಜಿನಿಯರ್ ಬೇಸ್‌ಮೆಂಟ್ ಗೋಡೆಯನ್ನು ಎರಡು ಭಾಗವಾಗಿ ಕಟ್ಟುತ್ತೇವೆ ಅಂದರು. ಸರಿ, ಇನ್ನೊಂದು ಟ್ಯಾಗ್ ಸೇರಿಸಿದೆ. ಹೊಸ ಟ್ಯಾಗ್ ಹಳೇ ಸೀನ್‌ಗಳಲ್ಲೆಲ್ಲ ಕಾಣಿಸಿಕೊಂಡಿತು. ಇನ್ನೂ ಅಗೆಯದ ಮಣ್ಣಿನೊಳಗೆ ಗೋಡೆ! ಒಂದೊಂದೇ ಸೀನ್ ತೆರೆದು ಮರೆಮಾಡಿ ಅಪ್‌ಡೇಟ್ ಒತ್ತುತ್ತಾ ಕೂತೆ. ಅರ್ಧ ದಿನ ಹೋಯಿತು. ಎರಡು ದಿನ ಬಿಟ್ಟು ಅವರು ಮತ್ತೆ ಫೋನ್ ಮಾಡಿ, ಗೋಡೆ ಎರಡಲ್ಲ ಮೂರು ಭಾಗ ಅಂದರು.

ಅವತ್ತಿನಿಂದ ಯಾವ ಸಾಫ್ಟ್‌ವೇರ್ ನೋಡಿದರೂ ಒಂದೇ ಪರೀಕ್ಷೆ ಇಟ್ಟೆ. ಒಂದು ಕೆಲಸವನ್ನು ಹತ್ತು ದಿನ ಮುಂದಕ್ಕೆ ತಳ್ಳೋದು. ಹೊಸ ವಿಡಿಯೋ ಕೈಗೆ ಬರುವ ತನಕ ನಾನು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬೇಕು ಅಂತ ಗಡಿಯಾರ ನೋಡೋದು. ನೆರಳು, ಹುಲ್ಲು, ಓಡಾಡುವ ಜನ ಎಲ್ಲ ಆಮೇಲೆ.

ಈ ಪರೀಕ್ಷೆಯಲ್ಲಿ ಟ್ವಿನ್‌ಮೋಷನ್ ಬೇಗ ಹೊರಗೆ ಹೋಯಿತು. ಚಿತ್ರ ಬಹಳ ಚೆಂದ, ಆದರೆ ಹಂತಗಳನ್ನು ಕೈಯಲ್ಲೇ ಜೋಡಿಸಬೇಕು. ಅಂದರೆ ಸ್ಕೆಚ್‌ಅಪ್‌ನ ಪಾಡೇ. ಸಿಂಕ್ರೊ 4ಡಿ ಹುಟ್ಟಿದ್ದೇ ಈ ಕೆಲಸಕ್ಕೆ, 2018ರಿಂದ ಬೆಂಟ್ಲಿ ಕಂಪನಿಯವರ ಕೈಯಲ್ಲಿದೆ. ದೊಡ್ಡ ಸೇತುವೆ, ಮೆಟ್ರೊ ಕಟ್ಟುವವರಿಗೆ ಅದು ಸರಿ. ಆರು ಜನರ ಆಫೀಸಿಗೆ ಒಂದು ಕಟ್ಟಡಕ್ಕಾಗಿ ಅದನ್ನು ಕಲಿಯೋದು, ಸೊಪ್ಪು ತರೋಕೆ ಲಾರಿ ತಗೊಂಡು ಹೋದ ಹಾಗೆ.

ನಾವಿಸ್‌ವರ್ಕ್ಸ್ ಮಾತ್ರ ಗಂಭೀರವಾಗಿ ನೋಡಿದೆ. 30 ದಿನದ ಟ್ರಯಲ್ ಹಾಕಿಕೊಂಡೆ. ಅದರೊಳಗೆ ಟೈಮ್‌ಲೈನರ್ ಅಂತ ಒಂದು ಭಾಗ ಇದೆ. ಎಂಎಸ್ ಪ್ರಾಜೆಕ್ಟ್, ಪ್ರಿಮವೆರಾದಂಥ ವೇಳಾಪಟ್ಟಿ ಸಾಫ್ಟ್‌ವೇರ್‌ನಿಂದ ಅಥವಾ ಸುಮ್ನೆ ಎಕ್ಸೆಲ್‌ನಿಂದ ತೆಗೆದ ಒಂದು ಸಿಎಸ್‌ವಿ ಫೈಲಿನಿಂದ ಕೆಲಸಗಳ ಪಟ್ಟಿ ಓದಿಕೊಳ್ಳುತ್ತದೆ. ಪ್ರತಿ ಕೆಲಸಕ್ಕೂ ಮಾಡೆಲ್‌ನ ಯಾವ ಭಾಗ ಅಂತ ಜೋಡಿಸಬೇಕು. ಹೆಸರು ಹೊಂದಿದರೆ ನಿಯಮ ಬರೆದು ತಾನೇ ಜೋಡಿಸಿಕೊಳ್ಳುವ ಹಾಗೆಯೂ ಮಾಡಬಹುದು. ಕಟ್ಟೋದು, ಕೆಡವೋದು, ತಾತ್ಕಾಲಿಕ ಅಂತ ಮೂರು ಬಗೆ. ಕಟ್ಟುತ್ತಿರುವುದು ತಿಳಿ ಹಸಿರು, ಕೆಡವುತ್ತಿರುವುದು ಕೆಂಪು, ತಾತ್ಕಾಲಿಕದ್ದು ಹಳದಿ. ತಾರೀಖು ಬದಲಾದರೆ ಪಟ್ಟಿಯನ್ನು ಸಿಂಕ್ ಮಾಡಿದರೆ ಸಾಕು. ನನ್ನ ಹತ್ತು ದಿನದ ಪರೀಕ್ಷೆ ಐದು ನಿಮಿಷದಲ್ಲಿ ಪಾಸಾಯಿತು.

ಜೋಡಿಸುವಾಗ ನಮ್ಮ ಮಾಡೆಲ್‌ನ ಬಂಡವಾಳವೂ ಬಯಲಾಯಿತು. ಕಾಲಂಗಳನ್ನು ಬೇಸ್‌ಮೆಂಟ್‌ನಿಂದ ಟೆರೇಸ್‌ವರೆಗೆ ಒಂದೇ ಕಡ್ಡಿ ಎಳೆದ ಹಾಗೆ ಎಳೆದಿದ್ದೆವು. ಮೊದಲನೇ ದಿನ ಪಾಯದಲ್ಲಿ ಕಾಲಂ ನಿಲ್ಲಿಸಿದರೆ ನಾಲ್ಕನೇ ಅಂತಸ್ತಿನ ಎತ್ತರಕ್ಕೆ ಬೋಳು ಕಂಬಗಳು. ಸ್ಲ್ಯಾಬ್ ಒಂದೇ ತುಂಡು. ಸೈಟಿನಲ್ಲಿ ಅದಕ್ಕೆ ಮೂರು ಸಲ ಕಾಂಕ್ರೀಟ್ ಹಾಕುತ್ತಾರೆ. ಇನ್ನು ಮಣ್ಣು? ಮಾಡೆಲ್‌ನಲ್ಲಿ ಮಣ್ಣೇ ಇರಲಿಲ್ಲ. ಅಗೆಯೋದನ್ನು ತೋರಿಸಬೇಕಾದರೆ ಮೊದಲು ಅಗೆಯೋಕೆ ಏನಾದರೂ ಇರಬೇಕಲ್ಲ. ಕಾಂಪೌಂಡ್ ಪಕ್ಕದ ಮಣ್ಣು ಕುಸಿಯದ ಹಾಗೆ ತಡೆಯುವ ಪೈಲ್ ಸಾಲು, ಇಳಿಜಾರಿನ ರ್‍ಯಾಂಪ್, ಸೆಂಟ್ರಿಂಗ್, ಸ್ಲ್ಯಾಬ್‌ಗೆ ಆಸರೆ ಕೊಡುವ ಜಾಕಿಗಳು, ಕೆಲಸಗಾರರ ಶೆಡ್ಡು, ಯಾವುದೂ ಇರಲಿಲ್ಲ. ಕಟ್ಟಡ ಮುಗಿದ ಮೇಲೆ ಉಳಿಯೋದನ್ನಷ್ಟೇ ನಾವು ಬರೆದಿದ್ದೆವು. ಎರಡೂವರೆ ತಿಂಗಳಲ್ಲಿ ಒಂದೂವರೆ ತಿಂಗಳು ಹೋಗಿದ್ದು ಇಲ್ಲಿಗೆ. ಕಾಲಂಗಳನ್ನು ಅಂತಸ್ತಿಗೆ ತಕ್ಕಂತೆ ಕತ್ತರಿಸಿ, ಸ್ಲ್ಯಾಬ್ ತುಂಡು ಮಾಡಿ, ಮಣ್ಣನ್ನು ಪದರ ಪದರವಾಗಿ ಮಾಡಿ, ಎಲ್ಲಕ್ಕೂ ಒಂದೊಂದು ಕೋಡ್ ಕೊಟ್ಟೆವು. ಅದೇ ಕೋಡ್ ಎಂಜಿನಿಯರ್‌ರ ಪಟ್ಟಿಯ ಮೊದಲ ಕಾಲಮ್ಮಿಗೂ ಹೋಯಿತು. ಯಾವ ಸಾಫ್ಟ್‌ವೇರ್ ತಗೊಂಡಿದ್ದರೂ ಈ ಕೆಲಸ ತಪ್ಪುತ್ತಿರಲಿಲ್ಲ.

ಟ್ರಯಲ್ ಮುಗಿಯಿತು. ಲೈಸೆನ್ಸ್‌ಗೆ ವರ್ಷ ವರ್ಷ ಕಟ್ಟಬೇಕು. ನಮಗೆ ಇಂಥ ಕೆಲಸ ವರ್ಷಕ್ಕೆ ಒಂದೋ ಎರಡೋ. ಅದೂ ಅಲ್ಲದೆ, ಅದರ ಚಿತ್ರ ಎಂಜಿನಿಯರ್‌ಗೆ ಅರ್ಥವಾಗುತ್ತದೆ, ಹೆದರಿದ ಪಕ್ಕದ ಮನೆಯವರಿಗೆ ಅಲ್ಲ ಅಂತ ನನಗನ್ನಿಸಿತು. ಹಾಗಾಗಿ ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್‌ಗೆ ಬಂದೆವು. ದುಡ್ಡಿಲ್ಲ, ಓಪನ್ ಸೋರ್ಸ್. ಬೊನ್ಸಾಯ್ ಅನ್ನುವ ಆಡ್‌ಆನ್ ಹಾಕಿದರೆ, ಕಟ್ಟಡದ ಮಾಡೆಲನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಐಎಫ್‌ಸಿ ಫೈಲ್ ತೆರೆಯುತ್ತದೆ. ಮೊದಲು ಅದಕ್ಕೆ ಬ್ಲೆಂಡರ್‌ಬಿಮ್ ಅಂತ ಹೆಸರಿತ್ತು. ರೆವಿಟ್‌ನಿಂದ ಐಎಫ್‌ಸಿ ಮಾಡಿ ತಂದೆವು. ವೇಳಾಪಟ್ಟಿ ಮಾಡುವ ಸೌಲಭ್ಯ ಬೊನ್ಸಾಯ್‌ನಲ್ಲೇ ಇದೆ. ಆದರೆ ನನಗೆ ಬೇಕಾದದ್ದು ಅದಕ್ಕಿಂತ ಸರಳ. ಆಫೀಸಿನ ಹುಡುಗನೊಬ್ಬನಿಗೆ ಪೈಥಾನ್ ಸ್ವಲ್ಪ ಬರುತ್ತಿತ್ತು. ಅವನು 60 ಸಾಲಿನ ಸ್ಕ್ರಿಪ್ಟ್ ಬರೆದ. ಸಿಎಸ್‌ವಿ ಓದೋದು, ಕೋಡ್ ಹೊಂದಿದ ವಸ್ತು ಹುಡುಕೋದು, ಶುರುವಾಗುವ ತಾರೀಖಿನ ತನಕ ಅದನ್ನು ಮರೆಮಾಡೋದು. ಅಷ್ಟೇ.

ಮೊದಲ ರಾತ್ರಿ ಬ್ಲೆಂಡರ್‌ನ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್‌ಗೆ, ಅಂದರೆ ಒಂದೊಂದೇ ಫ್ರೇಮಿನ ಅಂತಿಮ ಚಿತ್ರ ತೆಗೆಯೋಕೆ, ಹಾಕಿ ಮನೆಗೆ ಹೋದೆ. 14 ತಿಂಗಳ ಕೆಲಸ, ದಿನಕ್ಕೆ ಎರಡು ಫ್ರೇಮ್, ಒಟ್ಟು 850. ಫ್ರೇಮ್‌ಗೆ 45 ಸೆಕೆಂಡ್. ಬೆಳಗ್ಗೆ ಬಂದು ನೋಡಿದರೆ ಮೊದಲ ಫ್ರೇಮ್‌ನಲ್ಲೇ ಇಡೀ ಕಟ್ಟಡ ನಿಂತಿದೆ. 850ನೇ ಫ್ರೇಮ್‌ನಲ್ಲೂ ಹಾಗೇ ನಿಂತಿದೆ. ಬ್ಲೆಂಡರ್‌ನಲ್ಲಿ ಪರದೆಯ ಮೇಲೆ ಮರೆಮಾಡೋದು ಬೇರೆ, ರೆಂಡರ್‌ನಲ್ಲಿ ಮರೆಮಾಡೋದು ಬೇರೆ. ಮಾನಿಟರ್ ಚಿತ್ರದ ಬಟನ್ ಒಂದು, ಕ್ಯಾಮೆರಾ ಚಿತ್ರದ್ದು ಇನ್ನೊಂದು. ಯಾವ ಫ್ರೇಮ್‌ನಲ್ಲಿ ಬದಲಾಗಬೇಕು ಅಂತ ಗುರುತಿಸುವ ಕೀಫ್ರೇಮ್ ನಾವು ಹಾಕಿದ್ದು ಮೊದಲನೆಯದಕ್ಕೆ ಮಾತ್ರ. ಸ್ಕ್ರಿಪ್ಟ್‌ಗೆ ಒಂದು ಸಾಲು ಸೇರಿಸಿದೆವು. ಸೈಕಲ್ಸ್ ಬಿಟ್ಟು ಈವಿ ಅನ್ನುವ ವೇಗದ ಎಂಜಿನ್‌ಗೆ ಬದಲಾಯಿಸಿದ್ದೂ ಅವತ್ತೇ. ಫ್ರೇಮ್‌ಗೆ 5 ಸೆಕೆಂಡ್. ನೆರಳು ಸ್ವಲ್ಪ ಒರಟು, ಆದರೆ ತಪ್ಪು ಮಾಡಿದರೆ ಇಡೀ ರಾತ್ರಿ ಹಾಳಾಗೋದಿಲ್ಲ.

ಇನ್ನೊಂದು ತೊಂದರೆ ವೇಗದ್ದು. ಸೆಕೆಂಡಿಗೆ 24 ಫ್ರೇಮ್ ಅಂದರೆ ಎರಡು ತಿಂಗಳ ಅಗೆತ 5 ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ಪಕ್ಕದ ಮನೆಯವರಿಗೆ ಬೇಕಾಗಿದ್ದೇ ಆ ಎರಡು ತಿಂಗಳು. ಅದಕ್ಕೆ ಅಗೆತಕ್ಕೆ ದಿನಕ್ಕೆ ಎಂಟು ಫ್ರೇಮ್ ಕೊಟ್ಟೆವು, ಮಿಕ್ಕಿದ್ದಕ್ಕೆಲ್ಲ ಎರಡೇ. ಒಟ್ಟು 50 ಸೆಕೆಂಡಿನ ವಿಡಿಯೋ. ಮೂಲೆಯಲ್ಲಿ ತಾರೀಖು ಓಡುತ್ತಿರುತ್ತದೆ.

ಸೈಟ್ ಆಫೀಸಿನ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಮೊದಲ ಸಲ ಎಲ್ಲರಿಗೂ ತೋರಿಸಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಅರ್ಧದಲ್ಲೇ ನಿಲ್ಲಿಸಿ ಅಂದರು. ಮೇಲಿನ ಸ್ಲ್ಯಾಬ್ ಬರುವ ಹೊತ್ತಿಗೆ ಕೆಳಗಿನ ಜಾಕಿಗಳೆಲ್ಲ ಮಾಯವಾಗಿದ್ದವು. ನಮ್ಮ ಸ್ಲ್ಯಾಬ್‌ನ ಸ್ಪ್ಯಾನ್, ಅಂದರೆ ಆಧಾರಗಳ ನಡುವಿನ ಅಂತರ, 4.5 ಮೀಟರ್‌ಗಿಂತ ಜಾಸ್ತಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಮಾಮೂಲಿ ಸಿಮೆಂಟ್ ಆದರೆ ಅಂಥ ಸ್ಲ್ಯಾಬ್ ಕೆಳಗೆ ಜಾಕಿ 14 ದಿನ ಇರಲೇಬೇಕು. ಪಟ್ಟಿಯಲ್ಲಿ ಅಂತಸ್ತಿಗೆ 10 ದಿನ ಇಟ್ಟಿದ್ದರು. ಅಂದರೆ ಒಂದೇ ಸಮಯಕ್ಕೆ ಎರಡು ಅಂತಸ್ತಿನಲ್ಲಿ ಜಾಕಿ ಬೇಕು. ಅಷ್ಟು ಜಾಕಿ ಗುತ್ತಿಗೆದಾರರ ಬಳಿ ಇರಲಿಲ್ಲ. ಎಕ್ಸೆಲ್‌ನಲ್ಲಿ ಅದೇ ಪಟ್ಟಿಯನ್ನು ತಿಂಗಳಿಂದ ನಾವೆಲ್ಲ ನೋಡುತ್ತಿದ್ದೆವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಮೇಸ್ತ್ರಿ, ರಾಯಚೂರು ಕಡೆಯವರು, ಮೊದಲಿಂದ ಇನ್ನೊಂದ್ಸಲ ಹಾಕ್ರಿ ಅಂದರು. ಅಗೆತ ಮುಗಿಯುವ ಕಡೆ ಪರದೆಗೆ ಬೆರಳಿಟ್ಟರು.

"ಮೇಡಂ, ಹಿಟಾಚಿ ಮ್ಯಾಲೆ ಹ್ಯಾಂಗ ಬರ್ತೈತ್ರಿ?"

ಎಲ್ಲರೂ ಸುಮ್ಮನಾದೆವು. ರ್‍ಯಾಂಪಿನ ಮಣ್ಣನ್ನೂ ಮಿಕ್ಕ ಮಣ್ಣಿನ ಜೊತೆಗೇ ತೆಗೆದುಬಿಟ್ಟಿದ್ದೆವು. ಎರಡು ಬೇಸ್‌ಮೆಂಟ್ ಆಳದ ಗುಂಡಿಯ ತಳದಲ್ಲಿ ಮಣ್ಣು ಅಗೆಯುವ ಹಿಟಾಚಿ ಸಿಕ್ಕಿಹಾಕಿಕೊಂಡಿತ್ತು.

ಆಮೇಲೆ ಅವರೇ ದಾರಿ ಹೇಳಿದರು. ರ್‍ಯಾಂಪ್ ಇರೋ ಮೂಲೆಯನ್ನು ಕೊನೆಗೆ ಬಿಡಿ. ಹಿಟಾಚಿ ಹಿಂದಕ್ಕೆ ಹತ್ತುತ್ತಾ ಹತ್ತುತ್ತಾ ತೋಡಲಿ. ಉಳಿದ ಮಣ್ಣನ್ನು ರಸ್ತೆ ಮಟ್ಟದಲ್ಲಿ ನಿಂತು ಉದ್ದ ತೋಳಿಂದ ಎತ್ತಲಿ. ಹಾಗೆ ಮಾಡಿದರೆ ಆ ಮೂಲೆಯ ಪಾಯ ತಡ, ಅದರ ಮೇಲಿನ ಗೋಡೆಯೂ ತಡ. ಪಟ್ಟಿಯಲ್ಲಿ 22 ಸಾಲು ಬದಲಾದವು. ರ್‍ಯಾಂಪಿನ ಮಣ್ಣನ್ನು ನಾಲ್ಕು ತುಂಡು ಮಾಡಿ ಹೊಸ ಕೋಡ್ ಕೊಟ್ಟೆ, ಜಾಕಿಗಳ ತಾರೀಖು ಸರಿಮಾಡಿದೆ, ಸ್ಕ್ರಿಪ್ಟ್ ಓಡಿಸಿದೆ. ನಾನು ಕೂತಿದ್ದು 40 ನಿಮಿಷ. ರೆಂಡರ್ ಒಂದೂಮುಕ್ಕಾಲು ಗಂಟೆ. ಸಂಜೆ ಏಳಕ್ಕೆ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಹೋಯಿತು.

ಮಾಲೀಕರು ಹೆಬ್ಬೆರಳು ತೋರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು: "ಹಿಟಾಚಿ ಬಂತ್ರಿ ಮೇಡಂ. ಮಣ್ಣಿನ ಲಾರಿ ಎಲ್ಲಿ ತಿರುಗಸ್ಲಿ?"

ಲಾರಿಯನ್ನು ನಾನಿನ್ನೂ ಮಾಡೆಲ್ ಮಾಡಿರಲಿಲ್ಲ.