ಆರನೇ ವರ್ಷದ ದವಡೆಹಲ್ಲು: ನನ್ನ ಅನುಭವ

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಏಳೆಂಟು ವರ್ಷದ ಮಕ್ಕಳನ್ನು ಕರೆತರುವ ತಾಯಂದಿರು ಬಹಳ ಸಲ ಹೇಳುವುದು ಇದನ್ನೇ: "ಹಾಲಹಲ್ಲು ಐತಲ್ರಿ ಡಾಕ್ಟ್ರ, ಬಿದ್ದು ಹೋಗ್ತೈತಿ ಅಂತ ಬಿಟ್ಟಿದ್ವಿ." ಅದು ಹಾಲುಹಲ್ಲಲ್ಲ. ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲುದವಡೆಯ ಹಿಂದೆ ಮೂಡುವ ಶಾಶ್ವತ ಹಲ್ಲು. ಕೆಲವು ಮಕ್ಕಳಲ್ಲಿ ಇದರ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಹುಟ್ಟಾ ಮೆತ್ತಗೆ. ಹಳದಿ, ಕಂದು ಮಚ್ಚೆ ಬಿದ್ದು, ಅಗಿಯುತ್ತ ಅಗಿಯುತ್ತ ಉದುರುತ್ತದೆ. ಇದಕ್ಕೆ ಮೋಲಾರ್ ಇನ್ಸೈಸರ್ ಹೈಪೊಮಿನರಲೈಸೇಶನ್ ಎನ್ನುತ್ತೇವೆ, ಅಂದರೆ ದವಡೆಹಲ್ಲು, ಬಾಚಿಹಲ್ಲುಗಳ ಎನಾಮಲ್ಲಿನಲ್ಲಿ ಖನಿಜ ಕಮ್ಮಿ. ಈ ಎನಾಮಲ್ ಕಟ್ಟಿಕೊಳ್ಳುವುದು ಹುಟ್ಟಿನಿಂದ ಮೂರು ವರ್ಷದೊಳಗೆ. ಚಾಕಲೇಟಿನಿಂದ ಬಂದ ದೋಷ ಇದಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಗದಗ, ಮುಂಡರಗಿ ಕಡೆಯವರು ನೀರಿನ ಫ್ಲೋರೈಡ್ ಅಂತಲೇ ಬರುತ್ತಾರೆ. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವುದುಂಟು, ಅನುಮಾನ ಸಹಜ. ಆದರೆ ಫ್ಲೋರೈಡ್ ಹೆಚ್ಚಾಗಿ ಬೀಳುವ ಮಚ್ಚೆ, ಅಂದರೆ ಫ್ಲೋರೋಸಿಸ್, ಎಡಬಲ ಒಂದೇ ತರಹ, ಹಲವು ಹಲ್ಲುಗಳಲ್ಲಿ ಮೋಡದಂತೆ ಹರಡಿರುತ್ತದೆ. ಇಲ್ಲಿ ಮಚ್ಚೆಗೆ ಅಂಚು ಸ್ಪಷ್ಟ. ಒಂದು ದವಡೆಹಲ್ಲು ಪುಡಿಯಾಗಿದ್ದರೆ ಎದುರಿನದು ಗಟ್ಟಿ ಇರಬಹುದು.

ಮೊದಲ ದಿನ ನಾನು ಡ್ರಿಲ್ ಮುಟ್ಟುವುದಿಲ್ಲ. ಗಾಳಿಯನ್ನೂ ಊದುವುದಿಲ್ಲ, ಅದು ತಾಗಿದರೆ ಮಗು ಕುರ್ಚಿಯಿಂದ ಎದ್ದೇ ಬಿಡುತ್ತದೆ. ಹತ್ತಿಯಿಂದ ಒರೆಸಿ, ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚುತ್ತೇನೆ. ಜುಮ್ ಅನ್ನುವ ಹಲ್ಲಿಗೆ ಮಗು ಬ್ರಷ್ ತಾಗಿಸದೇ ಇರುವುದರಿಂದ ಹುಳುಕು ಬೇಗ ಹಿಡಿಯುತ್ತದೆ. ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರು, 1000 ಪಿಪಿಎಮ್‌ಗೆ ಕಮ್ಮಿಯಿಲ್ಲದ ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಪೂರ್ತಿ ಮೂಡದ ಹಲ್ಲಿನ ಕುಳಿಗಳಿಗೆ ಗ್ಲಾಸ್ ಅಯೋನೊಮರ್ ಎಂಬ, ಹಲ್ಲಿಗೆ ಅಂಟುವ ಸಿಮೆಂಟನ್ನು ಬೆರಳಿನಿಂದಲೇ ಒತ್ತಿ ಮುಚ್ಚುತ್ತೇನೆ.

ಅಂಚು ಮುರಿದ ಹಲ್ಲಿಗೆ ಪದೇ ಪದೇ ಫಿಲ್ಲಿಂಗ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಸುತ್ತಲಿನ ಎನಾಮಲ್ಲೇ ಮೆತ್ತಗಿರುವಾಗ ಅದು ಯಾವುದನ್ನು ಹಿಡಿದು ನಿಲ್ಲಬೇಕು? ಸ್ಟೀಲ್ ಕ್ಯಾಪ್ ಹಾಕುತ್ತೇನೆ. ಪಕ್ಕದ ಹಲ್ಲಿನ ಸಂದಿಗೆ ಸಣ್ಣ ರಬ್ಬರ್ ಉಂಗುರ ಸಿಕ್ಕಿಸಿ ಕೆಲ ದಿನ ಬಿಟ್ಟರೆ ಜಾಗ ತೆರೆಯುತ್ತದೆ. ಆಮೇಲೆ ಸಿಮೆಂಟ್ ತುಂಬಿದ ಕ್ಯಾಪ್ ಇಟ್ಟು "ಗಟ್ಟಿ ಕಚ್ಚಪಾ" ಅನ್ನುತ್ತೇನೆ. ಕೆಲವು ವಾರ ಕಚ್ಚು ಎತ್ತರ ಅನ್ನಿಸಿ ತಾನೇ ಹೊಂದಿಕೊಳ್ಳುತ್ತದೆ. ಕೊರೆಯಲೇಬೇಕಾದಾಗ ಮಾತ್ರ ಸೂಜಿ. ಈ ಹಲ್ಲು ಜೋಮು ಹಿಡಿಯುವುದು ನಿಧಾನ, ಕಾಯಬೇಕು.

ಉಳಿಸಲಾಗದಷ್ಟು ಹಾಳಾಗಿದ್ದರೆ ಎಕ್ಸ್‌ರೇ ತೆಗೆಸಿ, ಹಲ್ಲು ಸಾಲು ಮಾಡುವ ತಜ್ಞರನ್ನು ಕೇಳಿಯೇ ಕೀಳುವುದು. ಎಂಟೂವರೆಯಿಂದ ಹತ್ತು ವರ್ಷದೊಳಗೆ ಕಿತ್ತರೆ ಹಿಂದಿನ ದವಡೆಹಲ್ಲು ಮುಂದೆ ಸರಿದು ಜಾಗ ತುಂಬುವ ಸಾಧ್ಯತೆ ಹೆಚ್ಚು. ಬಾಚಿಹಲ್ಲಿನ ಮಚ್ಚೆಗೆ ನೋವು ನಿಂತ ಮೇಲೆ ಕೈ ಹಾಕುತ್ತೇನೆ, ಅದೂ ನಗುವಾಗ ಮಗುವೇ ಬಾಯಿ ಮುಚ್ಚಿಕೊಳ್ಳುತ್ತಿದ್ದರೆ: ಮೇಲೆ ತೆಳುವಾಗಿ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಿದರೆ ಸಾಕಾಗುತ್ತದೆ.