ಇಳಿತ ನೋಡಿ ಹಾಕಿದ ವೇಳಾಪಟ್ಟಿ

ಕುಮಟಾ ತಾಲ್ಲೂಕಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕವನ್ನೂ ನೋಡಿಕೊಳ್ಳುತ್ತೇನೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರಕ್ಕೂ ಹೋಗಬೇಕು. ಹೆಚ್ಚಿನವರು ಪ್ರಮಾಣಪತ್ರಕ್ಕೆಂದೇ ಹೆಸರು ಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಗಂಟೆಯ ಲೆಕ್ಕ ಮುಗಿದ ಮೇಲೂ ಅವರು ಬರುತ್ತಾರೆಯೇ ಎಂಬುದು ಮುಖ್ಯ. ತಮ್ಮ ದಾರಿ ಕಾಯುವವರು ಯಾರಾದರೂ ಇದ್ದರೆ ಬರುತ್ತಾರೆ ಎಂಬುದು ನಾನು ಕಂಡುಕೊಂಡದ್ದು. ಕಡಲತೀರದಲ್ಲಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡವರ ದಾರಿಯನ್ನು ಮರುದಿನ ಯಾರೂ ಕಾಯುವುದಿಲ್ಲ.

ಹೀಗೆ ಯೋಚಿಸಿಯೇ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುವ ಕೆಲಸವನ್ನು ಹಿಡಿದೆವು. ನಮ್ಮ ಅನೇಕ ವಿದ್ಯಾರ್ಥಿಗಳ ಮನೆ ಆ ಹೊಳೆಯ ದಂಡೆಯಲ್ಲೇ ಇದೆ. ಶಿರಸಿಯ ಕಡೆ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಹೊಳೆ ಇದು. 2024ರಲ್ಲಿ ಇದರ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ತಮ್ಮ ಮನೆಯ ಹಿಂದಿನ ಕೆಸರಿಗೆ ಜಗತ್ತಿನ ಮಾನ್ಯತೆ ಸಿಕ್ಕಿತೆಂದು ಮಕ್ಕಳು ನಿಜಕ್ಕೂ ಹಿಗ್ಗಿದರು.

ಅರಣ್ಯ ಇಲಾಖೆಯ ಒಪ್ಪಿಗೆ ಪಡೆದ ಮೇಲೂ ನಾವು ತಕ್ಷಣ ನೆಡಲು ಇಳಿಯಲಿಲ್ಲ. ಮೊದಲು ವಿದ್ಯಾರ್ಥಿನಿಯರನ್ನು ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಹೆಂಗಸರ ಬಳಿಗೆ ಕಳುಹಿಸಿದೆ. ಎದುರಿನ ಬಯಲು ಕೆಸರನ್ನು ತೋರಿಸಿ, ‘ಅಮ್ಮಾ, ಅಲ್ಲಿ ನೆಡಬಹುದೇ?’ ಎಂದು ಒಬ್ಬಳು ಕೇಳಿದಳು. ಬುಟ್ಟಿ ತೊಳೆಯುತ್ತಿದ್ದ ಹಿರಿಯ ಹೆಂಗಸು ತಲೆಯೆತ್ತಿ, ‘ಅಲ್ಲಿ ನೆಟ್ಟರೆ ನಾವು ಬಳಚಿಗೆ ಎಲ್ಲಿಗೆ ಹೋಗಬೇಕು ತಂಗಿ?’ ಎಂದರು. ಬೇರು ಹಬ್ಬಿದ ಜಾಗದಲ್ಲಿ ಕೈಯಾಡಿಸಿ ಬಳಚು ಆಯಲು ಬರುವುದಿಲ್ಲ. ಹಸಿರು ಹೆಚ್ಚಿಸುವ ಉತ್ಸಾಹದಲ್ಲಿ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಬಾರದು; ನನ್ನ ಮಟ್ಟಿಗೆ ಇದು ಸಮಾಜಸೇವೆಯ ಮೊದಲ ಪಾಠ. ಆ ಹೆಂಗಸರೇ ನಡೆದು ಬಂದು ಬೇರೆ ಜಾಗ ತೋರಿಸಿದರು. ಅದು ಗಜನಿಯ, ಎಂದರೆ ಅಳಿವೆಯಂಚಿನ ತಗ್ಗು ಗದ್ದೆಬಯಲಿನ, ಕಟ್ಟೆಯ ಹೊರಬದಿ, ಅಲೆ ಬಡಿದು ಮಣ್ಣು ಕುಸಿಯುತ್ತಿದ್ದ ಕಡೆ. ಒಳಗೆ ಕಗ್ಗ ಭತ್ತದ ಗದ್ದೆ. ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುವ ತಳಿ ನಿಜ, ಆದರೆ ಕಟ್ಟೆಯೇ ಒಡೆದರೆ ಅದೂ ಉಳಿಯುವುದಿಲ್ಲ. ಅಲ್ಲಿ ಕಾಂಡ್ಲಾ ಬೆಳೆದರೆ ರೈತರಿಗೂ ಬೇಕು, ಮೀನಿಗೂ ಬೇಕು.

ಇನ್ನು ವೇಳೆಯ ಪ್ರಶ್ನೆ. ಕಾಲೇಜಿನ ಶ್ರಮದಾನಕ್ಕೆ ಭಾನುವಾರ ಬೆಳಿಗ್ಗೆ ಎಂಬುದು ರೂಢಿ. ಆದರೆ ಕೆಸರಿಗೆ ಇಳಿಯಬೇಕಾದರೆ ಕಡಲ ನೀರು ಇಳಿದಿರಬೇಕು. ಈ ಇಳಿತಕ್ಕೆ ವಾರದ ಹಂಗಿಲ್ಲ, ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಿದ್ದ ಮೀನುಗಾರರ ಮನೆಯ ಹುಡುಗನೊಬ್ಬ ತಿಥಿ ಎಣಿಸಿ, ಯಾವ ದಿನ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಎಂದು ಫಲಕದ ಮೇಲೆ ಬರೆದ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಿಗೆ ಗುರುತು ಹಾಕಿದ; ಆಗ ನೀರು ಹೆಚ್ಚು ದೂರ ಸರಿಯುತ್ತದೆ. ಅದೇ ನಮ್ಮ ವೇಳಾಪಟ್ಟಿ ಆಯಿತು, ಅವನೇ ನಮ್ಮ ತಂಡದ ನಾಯಕನಾದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಅವನ ಮನೆಯ ಗಂಡಸರೂ ಜೊತೆಗೆ ಬಂದರು. ಕಾಂಡ್ಲಾ ಕೋಡು ಬಲಿಯುವುದೂ ಮಳೆಗಾಲದಲ್ಲೇ.

ಈ ಕೋಡು ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ತೊಟ್ಟಿನ ಬಳಿ ಹಳದಿ ಉಂಗುರ ಮೂಡಿದ್ದರೆ ಬಲಿತಿದೆ ಎಂದರ್ಥ, ಹಸಿರಾಗಿದ್ದರೆ ಮುಟ್ಟಬಾರದು. ಚೂಪು ತುದಿ ಕೆಳಗೆ ಮಾಡಿ ಮೂರನೇ ಒಂದು ಭಾಗ ಕೆಸರಿನೊಳಗೆ ಹೋಗುವಂತೆ ಊರಿ, ಸುತ್ತಲಿನ ಕೆಸರನ್ನು ಬೆರಳಿನಿಂದ ಒತ್ತಬೇಕು. ಮೊಣಕಾಲಿನವರೆಗೆ ಹೂತುಹೋಗುವ ಜಾಗ, ಒಳಗಿನ ಚಿಪ್ಪು ಕಾಲನ್ನು ಕೊಯ್ಯುತ್ತದೆ. ದಪ್ಪ ಕಾಲುಚೀಲ ಹಾಕದವರನ್ನು ನಾನು ಇಳಿಯಲು ಬಿಡುವುದಿಲ್ಲ. ದೋಣಿಯೊಂದು ಪಕ್ಕದಲ್ಲಿ ನಿಂತಿರಲೇಬೇಕು, ಪೋಷಕರ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು.

ನೆಟ್ಟದ್ದನ್ನು ನೋಡಲು ಹೋಗುವ ಗಂಟೆಯನ್ನೂ ಸೇವೆಯ ಲೆಕ್ಕಕ್ಕೆ ಹಿಡಿದೆ. ಕಟ್ಟೆಯನ್ನು ಪಾಲು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪಾಲು, ಒಂದೊಂದು ನೋಟ್‌ಪುಸ್ತಕ ಕೊಟ್ಟೆ. ಎಷ್ಟು ಚಿಗುರಿತು, ಯಾವುದನ್ನು ದನ ತಿಂದಿತು, ಯಾವುದಕ್ಕೆ ಹರಿದ ಬಲೆ ಸುತ್ತಿಕೊಂಡಿದೆ, ಎಲ್ಲವನ್ನೂ ಬರೆಯಬೇಕು. ಆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬಂದದ್ದು ಪ್ಲಾಸ್ಟಿಕ್. ಭರತದ (ಉಬ್ಬರದ) ನೀರು ತಂದ ಕೈಚೀಲಗಳು ಎಳೆಯ ಗಿಡಕ್ಕೆ ಸುತ್ತಿಕೊಂಡು ಅದನ್ನು ಬಾಗಿಸಿಬಿಡುತ್ತವೆ. ಅದನ್ನು ಬಿಡಿಸಿ ಬಂದ ಮಕ್ಕಳೇ ಕಾಲೇಜಿನ ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಲೋಟ ನಿಲ್ಲಿಸಬೇಕೆಂದು ಪ್ರಾಂಶುಪಾಲರ ಮುಂದೆ ಹೋಗಿ ನಿಂತರು. ನಾನು ಒಂದು ಮಾತೂ ಹೇಳಿಕೊಡಲಿಲ್ಲ. ಈಗ ಅಲ್ಲಿ ಸ್ಟೀಲ್ ಲೋಟ ಇವೆ, ಊಟದ ಉಳಿಕೆ ಹಿತ್ತಲಿನ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಅಂತಿಮ ವರ್ಷದವರು ಹೋಗುವಾಗ ನೋಟ್‌ಪುಸ್ತಕವನ್ನು ಕಿರಿಯರಿಗೆ ಕೊಟ್ಟು, ಕಟ್ಟೆಯ ಮೇಲೆ ಕರೆದೊಯ್ದು ತಮ್ಮ ಪಾಲನ್ನು ತೋರಿಸಿ, ಬಳಚಿನ ಹೆಂಗಸರಿಗೂ ಗದ್ದೆಯವರಿಗೂ ಪರಿಚಯ ಮಾಡಿಸುತ್ತಾರೆ. ‘ಹೋದ ಸಲದ ಹುಡುಗರು ಇಷ್ಟು ಹೊತ್ತಿಗೆ ಬಂದು ನೋಡಿ ಹೋಗಿದ್ದರು, ನೀವು ಯಾವಾಗ ಬರುತ್ತೀರಿ?’ ಎಂದು ಆ ಹೆಂಗಸರೇ ಹೊಸಬರನ್ನು ಕೇಳುತ್ತಾರೆ.