ಮಹಾದೂತರ ನವೇನ: ಮಿಕಾಯೇಲರನ್ನು ಕೊನೆಗೆ ಇಟ್ಟ ನನ್ನ ಅನುಭವ

ಸೈತಾನನೊಡನೆ ಹೋರಾಡುವ ಮಹಾದೂತ (ದೇವದೂತರಲ್ಲಿ ಹಿರಿಯರಾದ) ಮಿಕಾಯೇಲರ ಹೆಸರಿನಲ್ಲಿ ಮಣಿ ಎಣಿಸುತ್ತ ಹೇಳುವ ಜಪಸರದ ಕರಪತ್ರದಲ್ಲಿ ಅಚ್ಚಾಗುವ ಭರವಸೆಗಳ ಪಟ್ಟಿಯನ್ನು ತೆಗೆದುಹಾಕೋಣ ಎಂದಾಗ ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರೂ ಒಪ್ಪಲಿಲ್ಲ. "ಇಷ್ಟು ಹೇಳಿದರೆ ಇಂಥದ್ದು ಸಿಗುತ್ತೆ ಅಂತ ಬರೆಯದಿದ್ದರೆ ಯಾರು ಬರ್ತಾರೆ ಹೇಳಿ?" ಎಂದರು ಒಬ್ಬ ಹಿರಿಯರು. ಹಬ್ಬಕ್ಕೆ ಮೊದಲು ಒಂಬತ್ತು ದಿನ ನಡೆಸುವ ಪ್ರಾರ್ಥನೆಯಾದ ನವೇನವನ್ನು, ದೇವರ ಸಂದೇಶ ತರುವ ಮಹಾದೂತ ಗಬ್ರಿಯೇಲರಿಂದ ಶುರುಮಾಡಿ ಮಿಕಾಯೇಲರನ್ನು ಕೊನೆಯ ಮೂರು ದಿನಕ್ಕೆ ಇಡೋಣ ಎಂದಾಗಲಂತೂ ನಕ್ಕೇಬಿಟ್ಟರು. ಈಗ ಅದೇ ಹಿರಿಯರು ಮೊದಲ ದಿನವೇ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ನವೇನ ನಡೆಸುವವರು ಕೇಳುತ್ತಲೇ ಇರುವುದರಿಂದ ಬರೆಯುತ್ತಿದ್ದೇನೆ. ಮಿಕಾಯೇಲರ ಜಪಸರ ಇಷ್ಟೇ: ದೇವದೂತರ ಒಂಬತ್ತು ವೃಂದಗಳಿಗೆ ಒಂಬತ್ತು ವಂದನೆ, ಪ್ರತಿ ವಂದನೆಯ ನಂತರ ಒಂದು ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ), ಮೂರು ನಮೋ ಮರಿಯ (ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ).

ಮೊದಲ ವರ್ಷಗಳಲ್ಲಿ ಬಂದ ಕಾಣಿಕೆಯ ಮುಕ್ಕಾಲು ಪಾಲು ಬಣ್ಣದ ಚಿತ್ರಕ್ಕೂ ಧ್ವನಿವರ್ಧಕಕ್ಕೂ ಹೋಗುತ್ತಿತ್ತು. ಕತ್ತಿ ಹಿಡಿದ ಮಿಕಾಯೇಲರು, ಕಾಲಡಿ ಘಟಸರ್ಪ, ಹಿಂದೆ ಬೆಂಕಿ. ದಾನಿಗಳಿಗೆ ಆ ಚಿತ್ರ ಬಹಳ ಇಷ್ಟ. ಆದರೆ ಮಕ್ಕಳ ಪ್ರಶ್ನೆಗಳೆಲ್ಲ ಕಾಲಡಿಯವನ ಬಗ್ಗೆಯೇ: ಅವನ ಹೆಸರೇನು, ಎಲ್ಲಿರುತ್ತಾನೆ, ರಾತ್ರಿ ಬರುತ್ತಾನಾ? ದೊಡ್ಡವರೂ ಅಷ್ಟೇ. ಮೊದಲ ದಿನ ಅರುವತ್ತು ಎಪ್ಪತ್ತು ಜನ, ಐದನೆಯ ದಿನಕ್ಕೆ ಹದಿನೈದಿಪ್ಪತ್ತು. ಉಳಿದವರಲ್ಲೂ ಅರ್ಧ ಜನ ಮಾಟದ ಭಯದಿಂದ ಬಂದವರು. ಭಯ ಕಳೆದ ಸಂಜೆಯೇ ಅವರು ಬರುವುದನ್ನು ಬಿಡುತ್ತಿದ್ದರು.

ಏಳು ಮಹಾದೂತರ ಚಿತ್ರಗಳನ್ನು ಒಬ್ಬರು ಚೌಕಟ್ಟು ಹಾಕಿಸಿ ತಂದುಕೊಟ್ಟದ್ದು ಇನ್ನೊಂದು ತಲೆನೋವು. ಮಹಾದೂತ ರಫಾಯೇಲರು ತಾವು ದೇವರ ಮುಂದೆ ನಿಲ್ಲುವ ಏಳು ದೂತರಲ್ಲಿ ಒಬ್ಬರು ಎಂದು ಬೈಬಲ್ಲಿನ ತೋಬೀತನ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಹೇಳುತ್ತಾರೆ, ನಿಜ. ಆದರೆ ಕಥೋಲಿಕ ಬೈಬಲ್ಲಿನಲ್ಲಿ ಹೆಸರಿರುವುದು ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂವರಿಗೆ ಮಾತ್ರ. 745ರ ರೋಮ್ ಸಭೆಯಲ್ಲಿ ಪೋಪ್ ಜಕರಿಯರು ಇದನ್ನೇ ತೀರ್ಮಾನಿಸಿದರು. ಅಡಲ್ಬರ್ಟ್ ಎಂಬಾತ ಎಂಟು ದೂತರ ಹೆಸರು ಹಿಡಿದು ಪ್ರಾರ್ಥನೆ ಕಟ್ಟಿದ್ದ. ಊರಿಯೇಲ್ ಹೆಸರೂ ಅದರಲ್ಲಿತ್ತು. ಜನಪ್ರಿಯ ಭಕ್ತಿಯ ಬಗ್ಗೆ ವ್ಯಾಟಿಕನ್ 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಈ ಮೂರು ಹೆಸರು ಬಿಟ್ಟು ದೂತರಿಗೆ ಬೇರೆ ಹೆಸರಿಡುವ ಅಭ್ಯಾಸವನ್ನು ಪ್ರೋತ್ಸಾಹಿಸಬೇಡಿ ಎನ್ನುತ್ತದೆ. ಪೂರ್ವದ ಕ್ರೈಸ್ತ ಸಭೆಗಳಲ್ಲಿ ಊರಿಯೇಲರಿಗೆ ಗೌರವ ಉಂಟು, ಅದು ಅವರ ಪರಂಪರೆ. ನಾನು ವಾದಕ್ಕಿಳಿಯದೆ ನಾಲ್ಕು ಚೌಕಟ್ಟುಗಳನ್ನು ಗೌರವದಿಂದಲೇ ವಾಪಸ್ ಕೊಟ್ಟೆ. ದಾನಿ ಎರಡು ವರ್ಷ ಕಾಣಿಕೆ ನಿಲ್ಲಿಸಿದರು. ಆ ನಷ್ಟ ನಮ್ಮ ಕೂಟಕ್ಕೆ ಸಣ್ಣದೇನಲ್ಲ.

ಆಮೇಲೆ ಹೊಳೆದ ಕ್ರಮ ಇದು. ಮಹಾದೂತರ ಹಬ್ಬ ಸೆಪ್ಟೆಂಬರ್ 29ಕ್ಕೆ, ನವೇನ 20ರಿಂದ 28ರವರೆಗೆ. ಮೊದಲ ಮೂರು ದಿನ ಗಬ್ರಿಯೇಲರು, ನಡುವಿನ ಮೂರು ರಫಾಯೇಲರು, ಕೊನೆಯ ಮೂರು ಮಿಕಾಯೇಲರು. ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ದಾರಿ ನಡೆಯಬೇಕು, ಹೋರಾಟ ಅದಾದ ಮೇಲೆ. ಜಪಸರವನ್ನೂ ಹಾಗೆಯೇ ಹಂಚಿದೆ: ಮೊದಲ ಮೂರು ದಿನ ಮೂರು ವಂದನೆ, ನಂತರ ಆರು, ಕೊನೆಗೆ ಒಂಬತ್ತೂ. ಕೊನೆಯಲ್ಲಿ ಮೂವರು ಮಹಾದೂತರಿಗೂ ಕಾವಲು ದೂತರಿಗೂ ಹೇಳುವ ನಾಲ್ಕು ಪರಲೋಕ ಮಂತ್ರ ಮಾತ್ರ ಎಲ್ಲ ದಿನವೂ ಉಂಟು. "ಜಪಸರವನ್ನು ಕತ್ತರಿಸಬಹುದೇ?" ಎಂಬ ತಕರಾರು ಬಂತು. ಪೂರ್ತಿ ಹೇಳುವವರು ಮನೆಯಲ್ಲಿ ಹೇಳಲಿ, ಯಾರೂ ತಡೆದಿಲ್ಲ ಎಂದೆ. ಪೋರ್ಚುಗಲ್ಲಿನ ಕಾರ್ಮೆಲ್ ಸನ್ಯಾಸಿನಿ ಅಂತೋನಿಯಾ ಅವರಿಗೆ ಕಂಡ ದರ್ಶನದಿಂದ ಬಂದದ್ದೆನ್ನುವ ಈ ಜಪಸರಕ್ಕೆ ಪೋಪ್ ಒಂಬತ್ತನೆಯ ಪಿಯುಸ್ 1851ರಲ್ಲಿ ಅನುಮೋದನೆ ಕೊಟ್ಟರು. ಖಾಸಗಿ ದರ್ಶನದ ಭರವಸೆಗಳನ್ನು ನಂಬಲೇಬೇಕೆಂಬ ಕಟ್ಟಳೆ ಧರ್ಮಸಭೆಯಲ್ಲಿ ಇಲ್ಲ. ಪಟ್ಟಿ ತೆಗೆಯಲು ನನಗೆ ಅಷ್ಟು ಸಾಕಾಯಿತು. ಕರಪತ್ರ ನಾಲ್ಕು ಪುಟದಿಂದ ಎರಡಕ್ಕೆ ಇಳಿದು ಅಚ್ಚಿನ ಖರ್ಚೂ ಹೆಚ್ಚುಕಡಿಮೆ ಅರ್ಧವಾಯಿತು.

ಕೈಯ ಅಭ್ಯಾಸದ ಬಗ್ಗೆ ಯಾರೂ ಬರೆಯುವುದಿಲ್ಲ. ಈ ಜಪಸರದಲ್ಲಿ ಒಂದು ಪರಲೋಕ ಮಂತ್ರಕ್ಕೆ ಮೂರೇ ನಮೋ ಮರಿಯ. ಒಂದಕ್ಕೆ ಹತ್ತು ಹೇಳುವ ಮರಿಯಮ್ಮನವರ ಜಪಸರದಲ್ಲಿ ಪಳಗಿದ ಬೆರಳು ಮೂರಕ್ಕೆ ನಿಲ್ಲುವುದಿಲ್ಲ. ನಾಲ್ಕನೆಯದಕ್ಕೆ ಅರ್ಧ ಕೂಟ ಶುರುಮಾಡುತ್ತದೆ, ಉಳಿದರ್ಧ ಸುಮ್ಮನಾಗುತ್ತದೆ, ಮುಂದಾಳು ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ಗಂಟೆ ಬಾರಿಸಿ ನೋಡಿದೆ, ಬಲಿಪೂಜೆಯ (ಗುರುಗಳು ನಡೆಸುವ ಮುಖ್ಯ ಆರಾಧನೆಯ) ಗಂಟೆಯೆಂದು ಮಂಡಿಯೂರಿದರು. ಸರಿಹೋದದ್ದು ದನಿ ಬದಲಿಸಿದ ಮೇಲೆ. ಪ್ರಾರ್ಥನೆ ಹೇಳಿಕೊಡುವವರು ಒಬ್ಬರು, ವಂದನೆ ಓದುವವರು ಕೂಟದ ಹಿಂಬದಿಯಿಂದ ಇನ್ನೊಬ್ಬರು. ಮೂರನೆಯ 'ಆಮೆನ್' ಮುಗಿಯುತ್ತಿದ್ದಂತೆ ಹಿಂದಿನಿಂದ "ಕೆರೂಬಿಯರ ವೃಂದದ ಬಿನ್ನಹದ ಮೂಲಕ" ಎಂದು ಮುಂದಿನ ವಂದನೆ ಶುರುಮಾಡುವ ಹೊಸ ದನಿ ಬಂದರೆ ಬೆರಳು ತಾನಾಗಿ ನಿಲ್ಲುತ್ತದೆ. ಆ ಎರಡು ದನಿಗಳನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ, ಅದು ನನ್ನಲ್ಲೇ ಇರಲಿ.

ಮಣಿಯ ಲೆಕ್ಕವೂ ಇದೆ. ಈ ಜಪಸರ ಕೊಳ್ಳಲು ಎಲ್ಲೆಡೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ತುಂಡಾದ ಹಳೆಯ ಜಪಸರಗಳನ್ನು ಕೂಡಿಸಿಕೊಂಡೆ. ಸಾಮಾನ್ಯ ಜಪಸರದಲ್ಲಿ 59 ಮಣಿ, ಮಿಕಾಯೇಲರದಕ್ಕೆ ಪದಕ ಬಿಟ್ಟು 40. ಹಾಗಾಗಿ ಮೂರು ಹಳೆಯದರಿಂದ ನಾಲ್ಕು ಹೊಸದಾಗುತ್ತದೆ. ಆದರೆ ಹಳೆಯದರಲ್ಲಿ ದೊಡ್ಡ ಮಣಿ ಆರೇ, ಇದಕ್ಕೆ ಬೇಕಾದದ್ದು 13. ಕೊರತೆಗೆ ಬೇರೆ ಬಣ್ಣದ ಸಣ್ಣ ಮಣಿ ಹಾಕಿ ಎರಡೂ ಕಡೆ ಗಂಟು ಬಿಗಿದೆ. ಕತ್ತಲಲ್ಲೂ ಬೆರಳಿಗೆ ಗಂಟು ಸಿಗುತ್ತದೆ, ಅಂಗಡಿಯ ದೊಡ್ಡ ಮಣಿಗಿಂತ ಇದೇ ವಾಸಿ. ಹೊಸದಾಗಿ ಪೋಣಿಸಿದ ಮೇಲೆ ಗುರುಗಳ ಹತ್ತಿರ ಮತ್ತೆ ಆಶೀರ್ವಾದ ಮಾಡಿಸಿ.

ಗಬ್ರಿಯೇಲರ ದಿನಗಳಲ್ಲಿ ಮಾತು ಕಡಿಮೆ. ದಾನಿಯೇಲನ ಒಂಬತ್ತನೆಯ ಅಧ್ಯಾಯದಲ್ಲಿ ಅವರು ಬರುವುದು ಸಂಜೆಯ ಬಲಿಯ ಹೊತ್ತಿಗೆ, ದಾನಿಯೇಲ ಪ್ರಾರ್ಥಿಸುತ್ತಿರುವಾಗಲೇ. ಅದನ್ನೋದಿ, ಗಬ್ರಿಯೇಲರು ಮರಿಯಮ್ಮನವರಿಗೆ ತಂದ ಸಂದೇಶವನ್ನು ನೆನೆಯುವ ತ್ರಿಕಾಲ ಪ್ರಾರ್ಥನೆ ಹೇಳಿ ಐದು ನಿಮಿಷ ಸುಮ್ಮನಿರುತ್ತೇವೆ. ಮೊದಲ ಸಲ ಎರಡನೇ ನಿಮಿಷಕ್ಕೇ ಒಬ್ಬರು ಹಾಡು ಶುರುಮಾಡಿದ್ದರು, ಈಗ ಯಾರೂ ಅಲುಗುವುದಿಲ್ಲ. ಗಬ್ರಿಯೇಲರನ್ನು ಪೋಪ್ ಹನ್ನೆರಡನೆಯ ಪಿಯುಸ್ 1951ರಲ್ಲಿ ದೂರಸಂಪರ್ಕದ ಪಾಲಕರೆಂದು ಸಾರಿದರು ಎಂದು ಹೇಳಿ ಯುವಕರ ಕೈಯಲ್ಲಿ ಫೋನ್ ಆಫ್ ಮಾಡಿಸುವುದು ನನ್ನ ಇಷ್ಟದ ತಮಾಷೆ.

ರಫಾಯೇಲರ ಮೂರು ದಿನವೇ ಇಡೀ ನವೇನವನ್ನು ಎತ್ತಿ ಹಿಡಿದದ್ದು. ತೋಬೀತನ ಗ್ರಂಥವನ್ನು ಮೂರು ಪಾಲು ಮಾಡಿ ಕಥೆಯಂತೆ ಓದಿಸಿದೆ. ದೂತರು ಅಜರಿಯ ಎಂಬ ಹೆಸರಿನಲ್ಲಿ ಕೂಲಿಗೆ ಒಪ್ಪಿ ಹುಡುಗನ ಜೊತೆ ಹೊರಡುವುದು, ಹಿಂದೆ ನಾಯಿ, ನದಿಯಲ್ಲಿ ಮೀನು, ಅದರ ಪಿತ್ತದಿಂದ ಕುರುಡು ತಂದೆಗೆ ಕಣ್ಣು ಬರುವುದು. ರೆಕ್ಕೆಯ ಮಾತೇ ಇಲ್ಲ. ಮೊದಲ ದಿನ ನಡುವೆ ನಿಲ್ಲಿಸಿದ್ದಕ್ಕೆ ಜನ ಬೈದರು; ಮರುದಿನ ಅಷ್ಟೂ ಜನ ಬಂದರು, ಜೊತೆಗೆ ಇನ್ನೊಂದಿಷ್ಟು. ಐದನೆಯ ದಿನ ಕರಗುತ್ತಿದ್ದ ಕೂಟ ಐದನೆಯ ದಿನವೇ ಬೆಳೆಯಿತು. ಇಲ್ಲಿಂದ ಒಂದು ಅಡ್ಡ ಪ್ರಯೋಗವೂ ಹುಟ್ಟಿತು. ಧರ್ಮಸಭೆಯ 1969ರ ಪಂಚಾಂಗ ಸುಧಾರಣೆಗೆ ಮೊದಲು ಮೂವರಿಗೂ ಬೇರೆ ಬೇರೆ ದಿನ ಇತ್ತು: ಗಬ್ರಿಯೇಲರಿಗೆ ಮಾರ್ಚ್ 24, ರಫಾಯೇಲರಿಗೆ ಅಕ್ಟೋಬರ್ 24. ಬಲಿಪೂಜೆಯ ಕ್ರಮ ಮುಟ್ಟದೆ, ಆ ಎರಡು ಸಂಜೆ ಸಣ್ಣ ಪ್ರಾರ್ಥನೆ ಇಟ್ಟೆ. ಮಾರ್ಚಿನದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಗಡಿಬಿಡಿಯಲ್ಲಿ ಬಿದ್ದುಹೋಯಿತು. ಅಕ್ಟೋಬರಿನದು ರೋಗಿಗಳ ಪ್ರಾರ್ಥನೆಯಾಗಿ ಗಟ್ಟಿಯಾಗಿ ನಿಂತಿದೆ.

ಮಿಕಾಯೇಲರ ದಿನಗಳಿಗೆ ಒಂದೇ ಕಟ್ಟುನಿಟ್ಟು: ಸೈತಾನನೊಡನೆ ಯಾರೂ ಮಾತಾಡಕೂಡದು. ಯೂದನ ಪತ್ರದ ಒಂಬತ್ತನೆಯ ವಚನ ನೋಡಿ. ಮೋಶೆಯ ದೇಹದ ಬಗ್ಗೆ ವಾದವಾದಾಗ ಮಿಕಾಯೇಲರೇ ದೂಷಿಸುವ ಧೈರ್ಯ ಮಾಡದೆ, ಪ್ರಭುವೇ ನಿನ್ನನ್ನು ಗದರಿಸಲಿ ಎಂದು ಬಿಟ್ಟುಬಿಡುತ್ತಾರೆ. ಪೋಪ್ ಹದಿಮೂರನೆಯ ಲಿಯೋ ಅವರು ಮಿಕಾಯೇಲರಿಗೆ ಬರೆದ ಸಣ್ಣ ಪ್ರಾರ್ಥನೆಯಲ್ಲೂ ಅದೇ ಧಾಟಿ, ಗದರಿಸುವವನು ದೇವರು. ಆದರೆ ಅವರ ಕಾಲದ್ದೇ ಭೂತೋಚ್ಚಾಟನೆಯ ಉದ್ದನೆಯ ವಿಧಿಯನ್ನು ಫೋಟೊಕಾಪಿ ಮಾಡಿ ಮನೆಮನೆಯಲ್ಲಿ ಓದುವವರು ನಮ್ಮಲ್ಲೂ ಇದ್ದರು. ಭಕ್ತರು ಅದನ್ನು ಬಳಸುವಂತಿಲ್ಲ ಎಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ಪೀಠ 1985ರಲ್ಲಿ ಬಿಷಪರಿಗೆ ಪತ್ರ ಬರೆದಿದೆ, ಅದೂ ಸೆಪ್ಟೆಂಬರ್ 29ರ ತಾರೀಖು ಹಾಕಿ. ಆ ತಾರೀಖು ಓದಿ ಹೇಳಿದ ಮೇಲೆ ಪ್ರತಿಗಳು ಒಂದೊಂದಾಗಿ ನನ್ನ ಕೈಗೆ ಬಂದವು.

ಸಣ್ಣ ಪ್ರಾರ್ಥನೆ 1886ರಿಂದ ಬಲಿಪೂಜೆಯ ನಂತರದ ಪ್ರಾರ್ಥನೆಗಳಲ್ಲಿ ಸೇರಿ, ಅರುವತ್ತರ ದಶಕದ ಸುಧಾರಣೆಯಲ್ಲಿ ನಿಂತುಹೋಯಿತು. 1994ರ ಏಪ್ರಿಲಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್, 2018ರ ಅಕ್ಟೋಬರಿಗೆಂದು ಪೋಪ್ ಫ್ರಾನ್ಸಿಸ್ ಇದನ್ನು ಮತ್ತೆ ಹೇಳಿ ಎಂದರು. ಇದನ್ನು ಬರೆಯಲು ಕಾರಣವೆನ್ನುವ, ಲಿಯೋ ಅವರಿಗೆ ಭಯಂಕರ ದರ್ಶನವಾದ ಕಥೆಯನ್ನು ಮಾತ್ರ ನಾನು ಹೇಳುವುದಿಲ್ಲ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತಾರೀಖು, ಒಂದೊಂದು ವಿವರ. ಕಥೆ ಬಿಟ್ಟರೂ ಪ್ರಾರ್ಥನೆ ನಿಲ್ಲುತ್ತದೆ, ನಾನು ನೋಡಿದ್ದೇನೆ. ಹೇಳುವ ಜಾಗ ಮುಖ್ಯ: ಕೊನೆಯ ಹಾಡು ಮುಗಿದ ಮೇಲೆ, ಗುರುಗಳ ಒಪ್ಪಿಗೆ ಪಡೆದು, ಉಳಿದವರಷ್ಟೇ ಮಂಡಿಯೂರಿ. ಹಾಡಿನ ಮೊದಲು ತುರುಕಿದರೆ ಅರ್ಧ ಜನ ಬಾಗಿಲ ಹೊರಗೆ ನಿಂತು ಗೊಣಗುತ್ತಾರೆ.

ಕಳೆದ ವರ್ಷ ಒಂಬತ್ತನೆಯ ಸಂಜೆ ತೊಂಬತ್ತರ ಹತ್ತಿರ ಜನ ಇದ್ದರು, ಬಣ್ಣದ ಚಿತ್ರ ಇಲ್ಲದೆ, ಧ್ವನಿವರ್ಧಕ ಇಲ್ಲದೆ. ಉಳಿದ ಹಣದಲ್ಲಿ ತೋಬೀತನ ಗ್ರಂಥವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕಣ್ಣು ಮಂಜಾದ ಹಿರಿಯರಿಗೆ ಹಂಚಿದೆವು. ಅಕ್ಟೋಬರ್ 2ರ ಕಾವಲು ದೂತರ ಹಬ್ಬವನ್ನು ಇದಕ್ಕೆ ಜೋಡಿಸಿ ಹದಿಮೂರು ದಿನ ಎಳೆಯೋಣ ಎಂದು ಈಗ ಕೆಲವರು ಹೊರಟಿದ್ದಾರೆ. ನಾನು ಬೇಡ ಎಂದಿದ್ದೇನೆ. ಆ ದಿನ ಮಕ್ಕಳೇ ನಡೆಸಲಿ, ದೊಡ್ಡವರು ಹಿಂದೆ ಕೂರಲಿ.